ಮನೆಯ ನಲ್ಲಿಯ ದುರಸ್ತಿ: ಕುಟುಂಬದ ಕೈ, ಪ್ಲಂಬರನ ಕಸುಬು, ಪಂಚಾಯಿತಿಯ ಹೊಣೆ

(ಯಲ್ದೂರಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ವಿಷಯ ಬಂದಾಗ ಚರ್ಚೆಯು ಸಾಮಾನ್ಯವಾಗಿ ಕೊಳವೆ ಬಾವಿ, ಪಂಪು, ಓವರ್‌ಹೆಡ್ ಟ್ಯಾಂಕ್ ಮತ್ತು ಬೀದಿಯ ಪೈಪ್‌ಲೈನುಗಳ ಸುತ್ತಲೇ ನಡೆಯುತ್ತದೆ. ನೀರು ಮನೆಯ ಹೊಸ್ತಿಲನ್ನು ದಾಟಿದ ಬಳಿಕ ಅದು ಆ ಮನೆಯವರ ಖಾಸಗಿ ವಿಷಯವೆಂದು ಎಲ್ಲರೂ ಭಾವಿಸುತ್ತಾರೆ. ಹೊಸ್ತಿಲಿನ ಆಚೆಗೆ ನಡೆಯುವ ನಷ್ಟವೂ ಇಡೀ ಗ್ರಾಮದ ನಷ್ಟವೇ ಎಂಬುದನ್ನೂ, ಅದನ್ನು ತಡೆಯಲು ಯಾವ ಕೆಲಸವನ್ನು ಮನೆಯವರು ಮಾಡಬೇಕು, ಯಾವುದನ್ನು ಪ್ಲಂಬರನಿಗೆ ಬಿಡಬೇಕು, ಪಂಚಾಯಿತಿಯ ಪಾಲು ಏನು ಎಂಬುದನ್ನೂ ವಿವರಿಸುವುದು ಈ ಉಪನ್ಯಾಸದ ಉದ್ದೇಶ.

ನೀರಿನ ಬೆಲೆ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಕಟ್ಟಿದ ಕೆರೆಗಳು ಮತ್ತು ತೆರೆದ ಬಾವಿಗಳು ಬತ್ತಿದ ಬಳಿಕ ಜಿಲ್ಲೆಯು ಕೊಳವೆ ಬಾವಿಗಳನ್ನೇ ನೆಚ್ಚಿಕೊಂಡಿತು. ಅನೇಕ ಗ್ರಾಮಗಳಲ್ಲಿ ಅವುಗಳ ಆಳ ಸಾವಿರ ಅಡಿಯನ್ನು ಮೀರಿದೆ. ಅಂತರ್ಜಲವನ್ನು ಮರುಪೂರಣಗೊಳಿಸುವ ಸಲುವಾಗಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಯೋಜನೆಯು ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಬಂದು, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಲ್ಲಿಯಲ್ಲೇ ಒದಗಿಸುವ ಗುರಿಯನ್ನು ಇಟ್ಟುಕೊಂಡಿತು. ಐದು ಜನರ ಕುಟುಂಬಕ್ಕೆ ಇದು ದಿನಕ್ಕೆ 275 ಲೀಟರ್ ಆಗುತ್ತದೆ.

ಈ ಅಳತೆಯ ಮುಂದೆ ಒಂದು ಸೋರುವ ನಲ್ಲಿಯನ್ನು ಇಟ್ಟು ನೋಡಬಹುದು. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರಿನ ಬಾಟಲಿಯನ್ನಿಟ್ಟಾಗ ಅದು ಒಂದು ಗಂಟೆಯಲ್ಲಿ ತುಂಬಿತೆಂದು ಭಾವಿಸೋಣ. ಟ್ಯಾಂಕಿನಿಂದ ನೀರು ಬರುವ ಅಂತಹ ನಲ್ಲಿಯಲ್ಲಿ ದಿನಕ್ಕೆ 24 ಲೀಟರ್, ತಿಂಗಳಿಗೆ 720 ಲೀಟರ್ ನೀರು ಹೋಗುತ್ತದೆ. ಅದು ಒಬ್ಬ ವ್ಯಕ್ತಿಯ ಹದಿಮೂರು ದಿನಗಳ ಪಾಲು. ಗ್ರಾಮದ ನೂರು ಮನೆಗಳಲ್ಲಿ ಇಂತಹ ಒಂದೊಂದು ನಲ್ಲಿ ಇದ್ದರೆ ದಿನಕ್ಕೆ 2,400 ಲೀಟರ್ ನಷ್ಟವಾಗುತ್ತದೆ. ಐದು ಜನರಿರುವ ಎಂಟು ಮನೆಗಳ ದಿನದ ಪಾಲು ಹೀಗೆ ಬಚ್ಚಲಿನ ಪಾಲಾಗುತ್ತದೆ. ಆ ಎಂಟು ಮನೆಗಳು ಯಾವುವು ಎಂಬುದು ಸದಸ್ಯರಿಗೆ ತಿಳಿಯದ ವಿಷಯವೇನಲ್ಲ. ಪೈಪ್‌ಲೈನಿನ ಕೊನೆಯಲ್ಲಿ, ದಿಬ್ಬದ ಮೇಲೆ, ಕಾಲೋನಿಯ ಅಂಚಿನಲ್ಲಿರುವ ಮನೆಗಳವು. ದೂರು ಬರುವುದು ಅಲ್ಲಿಂದಲೇ, ಆದರೆ ದೂರಿನ ಕಾರಣ ಊರಿನ ಮಧ್ಯದ ಮನೆಗಳಲ್ಲಿ ಇರುತ್ತದೆ.

ಈ ನಷ್ಟಕ್ಕೆ ವಿದ್ಯುತ್ ಬಿಲ್ಲಿನ ಮುಖವೂ ಇದೆ. ಸಾವಿರ ಲೀಟರ್ ನೀರನ್ನು ಸಾವಿರ ಅಡಿ ಮೇಲಕ್ಕೆತ್ತಲು ಲೆಕ್ಕದ ಪ್ರಕಾರವೇ ಸುಮಾರು 0.8 ಯೂನಿಟ್ ವಿದ್ಯುತ್ ಬೇಕು. ಪಂಪು ಮತ್ತು ಮೋಟಾರಿನಲ್ಲಿ ಆಗುವ ಸೋರಿಕೆಯನ್ನು ಸೇರಿಸಿದರೆ ಅದು ಸುಮಾರು ಎರಡರಷ್ಟಾಗುತ್ತದೆ. ಹೀಗಾಗಿ ಮೇಲೆ ಹೇಳಿದ ನೂರು ನಲ್ಲಿಗಳ ತೊಟ್ಟುಗಳಿಗಾಗಿಯೇ ಪಂಚಾಯಿತಿಯು ತಿಂಗಳಿಗೆ ನೂರು ಯೂನಿಟ್‌ಗೂ ಹೆಚ್ಚು ವಿದ್ಯುತ್ತಿಗೆ ಹಣ ತೆರಬೇಕಾಗುತ್ತದೆ.

ಪ್ಲಂಬರನ ಕೂಲಿ ಏಕೆ ದುಬಾರಿ

ಸೋರುವ ನಲ್ಲಿಯನ್ನು ಕಂಡೂ ಮನೆಯವರು ಸುಮ್ಮನಿರುವುದು ಅಲಕ್ಷ್ಯದಿಂದಲೇ ಎಂದು ಹೇಳುವುದು ನ್ಯಾಯವಲ್ಲ. ಬಹುಪಾಲು ಮನೆಗಳಲ್ಲಿ ಅದಕ್ಕೆ ಕಾರಣ ಖರ್ಚು. ಹಾಳಾಗಿರುವುದು ಕೆಲವೇ ರೂಪಾಯಿಗಳ ಒಂದು ರಬ್ಬರ್ ವಾಷರ್. ಅದನ್ನು ಬದಲಿಸಲು ಕರೆಸುವ ಪ್ಲಂಬರನಿಗೆ ಕೊಡಬೇಕಾದುದು ಕೆಲವು ನೂರು ರೂಪಾಯಿ. 2024–25ನೇ ಸಾಲಿನಲ್ಲಿ ರಾಜ್ಯದಲ್ಲಿ ನರೇಗಾ ಯೋಜನೆಯ ದಿನಗೂಲಿ 349 ರೂಪಾಯಿಯಾಗಿತ್ತು. ದಿನವಿಡೀ ದುಡಿದು ತಂದ ಕೂಲಿಯನ್ನು ಒಂದು ವಾಷರ್‌ಗಾಗಿ ಕೊಡಲು ಯಾವ ಕುಟುಂಬದ ಮನಸ್ಸೂ ಒಪ್ಪುವುದಿಲ್ಲ. ಆಗ ನಲ್ಲಿಗೆ ಬಟ್ಟೆ ಸುತ್ತಿ, ಕೆಳಗೊಂದು ಬಕೆಟ್ ಇಟ್ಟು, ಮುಂದಿನ ತಿಂಗಳು ನೋಡೋಣವೆಂದು ಬಿಡುತ್ತಾರೆ.

ಹಾಗೆಂದು ಪ್ಲಂಬರನನ್ನು ದೂಷಿಸುವುದೂ ಸರಿಯಲ್ಲ. ಅವನು ಪಡೆಯುವ ಹಣದಲ್ಲಿ ವಾಷರ್ ಬದಲಿಸುವ ಹತ್ತು ನಿಮಿಷಗಳ ಶ್ರಮಕ್ಕೆ ಸಲ್ಲುವುದು ಅಲ್ಪ ಭಾಗ ಮಾತ್ರ. ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಬರುವ ಪೆಟ್ರೋಲು, ಬಿಡಿಭಾಗ ಸಿಗದಿದ್ದರೆ ಮತ್ತೆ ಅಂಗಡಿಗೆ ಹೋಗಿ ಬರುವ ಹೊತ್ತು, ಆ ಅರ್ಧ ದಿನದಲ್ಲಿ ಕೈತಪ್ಪಿದ ದೊಡ್ಡ ಕೆಲಸ, ಉಪಕರಣಗಳ ಸವಕಳಿ, ಇವೆಲ್ಲವೂ ಆ ಮೊತ್ತದಲ್ಲಿ ಸೇರಿರುತ್ತವೆ. ಜೊತೆಗೆ, ಕಸುಬು ಕಲಿತ ಯುವಕರನ್ನು ಬೆಂಗಳೂರಿನ ಕಟ್ಟಡ ಕಾಮಗಾರಿಗಳು ಸೆಳೆದುಕೊಳ್ಳುತ್ತವೆ. ಅಲ್ಲಿ ಒಂದೇ ಕಟ್ಟಡದಲ್ಲಿ ತಿಂಗಳುಗಟ್ಟಲೆ ಕೆಲಸ ಸಿಗುವಾಗ, ಹಳ್ಳಿಯ ಒಂದು ನಲ್ಲಿಗಾಗಿ ಬರುವವರು ವಿರಳ. ಒಟ್ಟಿನಲ್ಲಿ ಜನರು ಹಣ ತೆರುತ್ತಿರುವುದು ಹೆಚ್ಚಾಗಿ ಪ್ಲಂಬರನ ಬರವಿಗೆ. ಈ ಅಂಶವನ್ನು ಗ್ರಹಿಸಿದರೆ ಪರಿಹಾರದ ದಾರಿಯೂ ಕಾಣುತ್ತದೆ. ಸಣ್ಣ ಕೆಲಸಕ್ಕೆ ಅವನನ್ನು ಕರೆಸುವ ಅಗತ್ಯವೇ ಬೀಳಬಾರದು. ಕರೆಸಲೇಬೇಕಾದಾಗ ಒಂದೇ ಬರವಿನಲ್ಲಿ ಹತ್ತು ಮನೆಗಳ ಕೆಲಸ ಮುಗಿಯಬೇಕು.

ತೋಟದಲ್ಲಿ ಇರುವ ವಿದ್ಯೆ

ಮನೆಯವರೇ ದುರಸ್ತಿ ಮಾಡಿಕೊಳ್ಳಬೇಕೆಂದಾಗ ‘ಅದು ನಮ್ಮಿಂದಾಗದ ಕೆಲಸ’ ಎಂಬ ಉತ್ತರ ಬರುವುದುಂಟು. ಯಲ್ದೂರಿನ ಸುತ್ತಮುತ್ತಲ ರೈತರ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದಲ್ಲ. ಮಾವು, ಟೊಮೆಟೊ ಮತ್ತು ತರಕಾರಿ ಬೆಳೆಗಳಿಗೆ ಹನಿ ನೀರಾವರಿ ಅಳವಡಿಸಿಕೊಂಡವರು ಪ್ರತಿದಿನವೂ ಪೈಪಿನ ಕೆಲಸವನ್ನು ಮಾಡುತ್ತಿದ್ದಾರೆ. ಇಲಿ ಕಚ್ಚಿದ ಲ್ಯಾಟರಲ್ ಪೈಪನ್ನು ಕತ್ತರಿಸಿ ಜಾಯಿನರ್ ಹಾಕುವುದು, ಸಬ್‌ಮೇನಿಗೆ ತೂತು ಕೊರೆದು ಗ್ರೋಮೆಟ್ ಕೂರಿಸುವುದು, ಫಿಲ್ಟರನ್ನು ಬಿಚ್ಚಿ ತೊಳೆಯುವುದು, ಪಿವಿಸಿ ಪೈಪಿಗೆ ಸಲ್ಯೂಷನ್ ಹಚ್ಚಿ ಎಲ್ಬೋ ಕೂಡಿಸುವುದು, ಇವುಗಳಿಗಾಗಿ ಅವರು ಯಾರನ್ನೂ ಕರೆಸುವುದಿಲ್ಲ. ಬೆಳೆ ಬಾಡುತ್ತದೆಂಬ ಅರಿವು ಅವರನ್ನು ಕಾಯಲು ಬಿಡುವುದಿಲ್ಲ. ಅದೇ ಕೈಗಳು ಮನೆಯ ನಲ್ಲಿಯ ಮುಂದೆ ಹಿಂಜರಿಯುತ್ತವೆ. ಕೊರತೆಯಿರುವುದು ಮನೆಯ ಜೋಡಣೆಯ ಪರಿಚಯದಲ್ಲಿ, ಸರಿಯಾದ ಎರಡು ಮೂರು ಉಪಕರಣಗಳಲ್ಲಿ ಮತ್ತು ಕಣ್ಣೆದುರು ಒಮ್ಮೆ ಮಾಡಿ ತೋರಿಸುವವರಲ್ಲಿ.

ಇಲ್ಲಿ ಮತ್ತೊಂದು ವಿಚಾರ ಗಮನಾರ್ಹ. ತೋಟದ ಪೈಪನ್ನು ಸಾಮಾನ್ಯವಾಗಿ ಗಂಡಸರು ನೋಡಿಕೊಂಡರೆ, ಮನೆಗೆ ನೀರು ಬರುವ ಹೊತ್ತಿನಲ್ಲಿ ಅಲ್ಲಿರುವವರು ಹೆಂಗಸರು. ಸೋರಿಕೆಯನ್ನು ಮೊದಲು ಕಾಣುವವರೂ, ನೀರು ಸಾಲದಾಗ ಕೊಡ ಹೊರುವವರೂ ಅವರೇ. ಆದ್ದರಿಂದ ದುರಸ್ತಿಯ ತಿಳಿವಳಿಕೆ ಮೊದಲು ತಲುಪಬೇಕಾದುದು ಅವರಿಗೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕಿಟ್ ಮೂಲಕ ನೀರಿನ ಗುಣಮಟ್ಟ ಪರೀಕ್ಷಿಸುವ ತರಬೇತಿ ನೀಡುವ ವ್ಯವಸ್ಥೆಯಿದೆ. ನೀರಿನಲ್ಲಿರುವ ಫ್ಲೋರೈಡ್ ಅಂಶವನ್ನು ಪರೀಕ್ಷಿಸಬಲ್ಲವರಿಗೆ ವಾಷರ್ ಬದಲಿಸುವುದು ಕಷ್ಟವಾಗಲಾರದು.

ಮನೆಯವರು ಮಾಡಬಹುದಾದ ಕೆಲಸಗಳು

ಮೊದಲನೆಯದು, ಸೋರಿಕೆಯನ್ನು ಪತ್ತೆ ಮಾಡುವುದು. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ಟ್ಯಾಂಕಿನೊಳಗಿನ ನೀರಿನ ಮಟ್ಟವನ್ನು ಒಂದು ಕೋಲಿನಿಂದ ಅಳೆದು ಗುರುತು ಹಾಕಬೇಕು. ನಸುಕಿನಲ್ಲಿ ನೀರು ಬಳಸುವ ಮೊದಲೇ ಮತ್ತೆ ಅಳೆದಾಗ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ. ಶೌಚಾಲಯದ ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅರಿಶಿನದ ನೀರನ್ನು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದಾಗ, ಫ್ಲಶ್ ಮಾಡದೆಯೇ ಕೆಳಗೆ ಹಳದಿ ಬಣ್ಣ ಕಂಡರೆ ಒಳಗಿನ ವಾಷರ್ ಸವೆದಿದೆ ಎಂದರ್ಥ. ಸದ್ದಿಲ್ಲದೆ ಸೋರುವುದರಿಂದ ಇದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಎರಡನೆಯದು, ತೊಟ್ಟಿಕ್ಕುವ ನಲ್ಲಿ. ಕೆಲಸಕ್ಕೆ ಮೊದಲು ಟ್ಯಾಂಕಿನಿಂದ ಬರುವ ವಾಲ್ವನ್ನು ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಬಿಟ್ಟುಬಿಡಬೇಕು. ಹಲವು ಸುತ್ತು ತಿರುಗಿಸುವ ಹಳೆಯ ಮಾದರಿಯ ನಲ್ಲಿಯಾದರೆ ಮೇಲ್ಭಾಗವನ್ನು ಸ್ಪ್ಯಾನರಿನಿಂದ ಬಿಚ್ಚಿ, ಸ್ಪಿಂಡಲಿನ ತುದಿಯಲ್ಲಿರುವ ವಾಷರನ್ನು ಬದಲಿಸಿದರೆ ಸಾಕು. ಹಳೆಯ ವಾಷರನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತರಬೇಕು. ಕಾಲು ಸುತ್ತಿಗೆ ತೆರೆಯುವ ಹೊಸ ಮಾದರಿಯಲ್ಲಿ ವಾಷರ್ ಇರುವುದಿಲ್ಲ. ಅದರೊಳಗಿನ ಕಾರ್ಟ್ರಿಜನ್ನೇ ಬದಲಿಸಬೇಕು. ಅಗ್ಗದ ಪ್ಲಾಸ್ಟಿಕ್ ನಲ್ಲಿಯಾದರೆ ಪೂರ್ತಿಯಾಗಿ ಬದಲಿಸುವುದೇ ಲೇಸು.

ಮೂರನೆಯದು, ನಲ್ಲಿ ಮತ್ತು ಗೋಡೆ ಕೂಡುವ ಸ್ಥಳದಲ್ಲಿ ನೀರು ಜಿನುಗುವುದು. ನಲ್ಲಿಯನ್ನು ಬಿಚ್ಚಿ, ಹಳೆಯ ಟೇಪನ್ನು ತೆಗೆದು, ಥ್ರೆಡ್ಡಿನ ತುದಿಯನ್ನು ತಮ್ಮ ಕಡೆಗೆ ಹಿಡಿದುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪನ್ನು ಬಿಗಿಯಾಗಿ ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ನಲ್ಲಿಯನ್ನು ತಿರುಗಿಸುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಥ್ರೆಡ್ಡಿಗೆ ಅತಿಯಾದ ಬಲ ಹಾಕಿದರೆ ಗೋಡೆಯೊಳಗಿನ ಎಲ್ಬೋ ಸೀಳಿ, ಹತ್ತು ರೂಪಾಯಿಯ ಕೆಲಸ ಗೋಡೆ ಒಡೆಯುವ ಕೆಲಸವಾಗುತ್ತದೆ.

ನಾಲ್ಕನೆಯದು, ಉಕ್ಕಿ ಹರಿಯುವ ಸಂಪು ಅಥವಾ ಟ್ಯಾಂಕ್. ಇದಕ್ಕೆ ಹೆಚ್ಚಿನ ಸಲ ಫ್ಲೋಟ್ ವಾಲ್ವೇ ಕಾರಣ. ಅದರ ಚೆಂಡಿನೊಳಗೆ ನೀರು ಸೇರಿದ್ದರೆ ಅದು ತೇಲುವುದಿಲ್ಲ, ವಾಲ್ವು ಮುಚ್ಚುವುದಿಲ್ಲ. ಚೆಂಡನ್ನು ಬಿಚ್ಚಿ ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಹೊಸದನ್ನು ಹಾಕಬೇಕು. ಜಿಲ್ಲೆಯ ಕೊಳವೆ ಬಾವಿಗಳ ನೀರು ಬಹುತೇಕ ಗಡಸಾದುದರಿಂದ ವಾಲ್ವಿನ ಬಾಯಲ್ಲಿ ಬಿಳಿಯ ಸುಣ್ಣದ ಪದರ ಕಟ್ಟಿಕೊಳ್ಳುವುದೂ ಉಂಟು. ಆ ಭಾಗವನ್ನು ಬಿಚ್ಚಿ ಹುಣಸೆ ಹುಳಿಯಲ್ಲಿ ಅಥವಾ ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿ ಉಜ್ಜಿದರೆ ಪದರ ಸಡಿಲವಾಗುತ್ತದೆ. ಷವರ್ ಮತ್ತು ನಲ್ಲಿಯ ಜಾಲರಿಗಳಿಗೂ ಇದೇ ಉಪಾಯ ಸಾಕು. ಡ್ರಿಪ್ ಪೈಪಿಗೆ ಬಳಸುವ ಆ್ಯಸಿಡ್ಡನ್ನು ಮನೆಯ ನಲ್ಲಿಗೆ ಬಳಸಕೂಡದು.

ಐದನೆಯದು, ಕಣ್ಣಿಗೆ ಕಾಣುವಂತಿರುವ ಪಿವಿಸಿ ಪೈಪಿನ ಸೀಳು. ಸೀಳಿದ ಭಾಗವನ್ನು ನೇರವಾಗಿ ಕತ್ತರಿಸಿ, ತುದಿಗಳನ್ನು ಒರೆಸಿ ಒಣಗಿಸಿ, ಪೈಪು ಮತ್ತು ಕಪ್ಲಿಂಗ್ ಎರಡಕ್ಕೂ ಸಲ್ಯೂಷನ್ ಹಚ್ಚಿ, ತುಸು ತಿರುಗಿಸಿ ಒತ್ತಿ ಹಿಡಿಯಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನೀರು ಬಿಡಬಾರದು. ಒದ್ದೆಯ ಪೈಪಿಗೆ ಹಚ್ಚಿದ ಸಲ್ಯೂಷನ್ ಹಿಡಿಯುವುದಿಲ್ಲ. ಅದರ ಆವಿ ಬೆಂಕಿಗೆ ಹೊತ್ತಿಕೊಳ್ಳುವಂಥದು. ಹತ್ತಿರ ಒಲೆ, ಬೀಡಿ ಇರಬಾರದು, ಕಿಟಕಿ ತೆರೆದಿರಬೇಕು. ಸೋಲಾರ್ ಹೀಟರಿನ ಬಿಸಿನೀರಿನ ಸಾಲಿಗೆ ಸಿಪಿವಿಸಿ ಪೈಪು ಮತ್ತು ಅದರದೇ ಸಲ್ಯೂಷನ್ ಬೇಕು. ತಣ್ಣೀರಿನ ಪೈಪನ್ನು ಅಲ್ಲಿ ಜೋಡಿಸಿದರೆ ಶಾಖಕ್ಕೆ ಮೆತ್ತಗಾಗುತ್ತದೆ.

ಮನೆಯವರು ಕೈ ಹಾಕಬಾರದ ಕೆಲಸಗಳು

ಸ್ವಂತ ದುರಸ್ತಿಗೆ ಒಂದು ಗಡಿಯಿದೆ. ವಿದ್ಯುತ್ ಇರುವ ಯಾವುದೇ ಕೆಲಸ, ಅಂದರೆ ಮೋಟಾರು, ಸ್ಟಾರ್ಟರ್ ಮತ್ತು ಗೀಸರ್, ಬಲ್ಲವರ ಕೈಯಲ್ಲೇ ಆಗಬೇಕು. ಒದ್ದೆಯ ನೆಲದಲ್ಲಿ ನಿಂತು ಸ್ಟಾರ್ಟರ್ ಬಿಚ್ಚುವವರು ಉಳಿಸಿದ ಹಣಕ್ಕೆ ಪ್ರಾಣದ ಬೆಲೆ ತೆರಬೇಕಾದೀತು. ಬಹುಕಾಲ ಮುಚ್ಚಿದ್ದ ಸಂಪಿನೊಳಗೆ ಒಬ್ಬರೇ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು, ಮೊದಲು ಇಳಿದವರನ್ನು ಎತ್ತಲು ಹೋದವರೂ ಅಪಾಯಕ್ಕೆ ಸಿಲುಕಬಹುದು. ಗೋಡೆಯೊಳಗೆ ಹುದುಗಿದ ಪೈಪು, ಮಲದ ಗುಂಡಿಗೆ ಹೋಗುವ ಸಾಲು, ಇವು ಪ್ಲಂಬರನ ಕಸುಬಿಗೆ ಸೇರಿದವು.

ಬೀದಿಯ ಪೈಪ್‌ಲೈನು ಮತ್ತು ಅದರಿಂದ ಮನೆಗೆ ಸಂಪರ್ಕ ಕೊಡುವ ಜೋಡಣೆ ಪಂಚಾಯಿತಿಯ ಸ್ವತ್ತು. ಅಲ್ಲಿ ಮನೆಯವರೂ ಖಾಸಗಿ ಪ್ಲಂಬರನೂ ತಾವಾಗಿಯೇ ಕೈ ಹಾಕುವಂತಿಲ್ಲ. ಇದು ಕೇವಲ ಅಧಿಕಾರದ ಪ್ರಶ್ನೆಯಲ್ಲ. ಗ್ರಾಮಗಳಲ್ಲಿ ನೀರು ಬಿಡುವುದು ದಿನದ ಕೆಲವು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡವಿರುವುದಿಲ್ಲ. ಚರಂಡಿಯ ಪಕ್ಕದಲ್ಲಿ ಹಾದುಹೋಗುವ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಆಗ ಹೊರಗಿನ ಕೊಳಚೆ ಒಳಗೆ ಸೇರುತ್ತದೆ. ನಲ್ಲಿಗೆ ನೇರವಾಗಿ ಮೋಟಾರು ಇಟ್ಟು ಎಳೆಯುವವರಿಂದ ಈ ಅಪಾಯ ಇನ್ನಷ್ಟು ಹೆಚ್ಚುತ್ತದೆ, ಮುಂದಿನ ಮನೆಗಳ ನೀರೂ ಕಡಿಮೆಯಾಗುತ್ತದೆ. ಒಂದು ಮನೆಯ ಮುಂದಿನ ಅರೆಬರೆ ಜೋಡಣೆ ಇಡೀ ಬೀದಿಯ ಮಕ್ಕಳಿಗೆ ವಾಂತಿಭೇದಿಯನ್ನು ತರಬಲ್ಲದು. ಇಂತಹ ಸೋರಿಕೆ ಕಂಡಾಗ ಮನೆಯವರ ಕರ್ತವ್ಯ ಕೂಡಲೇ ನೀರುಗಂಟಿಗೆ ತಿಳಿಸುವುದು.

ಪಂಚಾಯಿತಿಯ ಪಾಲು

ಕುಡಿಯುವ ನೀರು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸೇರಿದ ವಿಷಯ. 2021ರಿಂದ 2026ರ ಅವಧಿಗೆ ಹದಿನೈದನೇ ಹಣಕಾಸು ಆಯೋಗವು ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ 30ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆಂದೇ ಕಾದಿರಿಸಿದ್ದು ಈ ಹೊಣೆಯ ತೂಕವನ್ನು ತೋರಿಸುತ್ತದೆ. ಮನೆಯೊಳಗಿನ ದುರಸ್ತಿಗೆ ಪಂಚಾಯಿತಿಯು ಹಣ ಕೊಡಬೇಕಾಗಿಲ್ಲ. ಜನರು ತಾವೇ ಮಾಡಿಕೊಳ್ಳುವಂತೆ ದಾರಿಯನ್ನು ಸುಗಮಗೊಳಿಸಿದರೆ ಸಾಕು. ಸದಸ್ಯರ ಪರಿಶೀಲನೆಗಾಗಿ ಐದು ಸಲಹೆಗಳನ್ನು ಇಲ್ಲಿ ಮುಂದಿಡಲಾಗಿದೆ.

ಒಂದು, ಪ್ರತಿ ಗ್ರಾಮಕ್ಕೆ ಒಂದು ಉಪಕರಣ ಪೆಟ್ಟಿಗೆ. ಎರಡು ಅಳತೆಯ ಪೈಪ್ ರೆಂಚ್, ಸ್ಪ್ಯಾನರ್, ಸ್ಕ್ರೂಡ್ರೈವರ್, ಹ್ಯಾಕ್ಸಾ ಇರುವ ಪೆಟ್ಟಿಗೆಯನ್ನು ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದ ವಶಕ್ಕೆ ಕೊಟ್ಟು, ಪುಸ್ತಕದಲ್ಲಿ ಸಹಿ ಪಡೆದು ಎರವಲು ನೀಡಬಹುದು. ವರ್ಷಕ್ಕೆ ಒಂದೆರಡು ಸಲ ಬೇಕಾಗುವ ರೆಂಚನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ವಾಷರ್, ಟೇಪು, ಫ್ಲೋಟ್ ವಾಲ್ವುಗಳನ್ನು ಅದೇ ಸಂಘ ಕೊಂಡ ಬೆಲೆಗೆ ಅಲ್ಪ ಲಾಭ ಸೇರಿಸಿ ಮಾರಿದರೆ ಪಟ್ಟಣಕ್ಕೆ ಹೋಗಿ ಬರುವ ಬಸ್ಸಿನ ಖರ್ಚು ಉಳಿಯುತ್ತದೆ.

ಎರಡು, ವಾರ್ಡುವಾರು ತರಬೇತಿ. ಅರ್ಧ ದಿನದ ಈ ತರಬೇತಿ ಭಾಷಣವಾಗಬಾರದು. ಮೇಜಿನ ಮೇಲೆ ಹಳೆಯ ನಲ್ಲಿಗಳನ್ನು ಇಟ್ಟು ಬಂದವರೆಲ್ಲರೂ ತಮ್ಮ ಕೈಯಾರೆ ಬಿಚ್ಚಿ ಜೋಡಿಸುವಂತಿರಬೇಕು. ಕಲಿಸುವವರು ಊರಿನ ಪ್ಲಂಬರ್ ಅಥವಾ ನೀರುಗಂಟಿಯೇ ಆಗಿರಲಿ, ಅವರಿಗೆ ಗೌರವಧನ ಸಲ್ಲಲಿ.

ಮೂರು, ತಿಂಗಳಿಗೊಂದು ದುರಸ್ತಿ ದಿನ. ಮನೆಯವರಿಂದಾಗದ ಕೆಲಸಗಳ ಪಟ್ಟಿಯನ್ನು ಮೊದಲೇ ಮಾಡಿ, ಪ್ಲಂಬರನನ್ನು ಒಂದೇ ದಿನ ಕರೆಸುವುದು. ಬಂದುಹೋಗುವ ಖರ್ಚು 300 ರೂಪಾಯಿ ಎಂದಿಟ್ಟುಕೊಂಡರೆ ಹತ್ತು ಮನೆಗಳಿಗೆ ಅದು ತಲಾ 30 ರೂಪಾಯಿಯಾಗುತ್ತದೆ. ಪ್ಲಂಬರನಿಗೂ ದಿನವಿಡೀ ಕೆಲಸ ಸಿಗುತ್ತದೆ. ಅವನೊಡನೆ ಕುಳಿತು ಮಾತಾಡಿ ಒಪ್ಪಿದ ದರಪಟ್ಟಿಯನ್ನು ಪಂಚಾಯಿತಿ ಕಚೇರಿಯಲ್ಲಿ ಅಂಟಿಸಿದರೆ ಎರಡೂ ಕಡೆಯವರಿಗೆ ಜಗಳ ತಪ್ಪುತ್ತದೆ. ಕಸುಬುದಾರನ ಹೊಟ್ಟೆಗೆ ಹೊಡೆಯುವ ದರ ಬಹಳ ಕಾಲ ನಿಲ್ಲುವುದಿಲ್ಲ ಎಂಬುದನ್ನು ಚೌಕಾಸಿ ಮಾಡುವಾಗ ನೆನಪಿಡಬೇಕು.

ನಾಲ್ಕು, ಊರಿನಲ್ಲೇ ಕಸುಬುದಾರರನ್ನು ಬೆಳೆಸುವುದು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಪ್ಲಂಬರ್ ವೃತ್ತಿಗೆ ಒಂದು ವರ್ಷದ ತರಬೇತಿಯಿದೆ. ಗ್ರಾಮಗಳಲ್ಲೇ ನೀರಿನ ವ್ಯವಸ್ಥೆಯ ದುರಸ್ತಿಗಾರರನ್ನು ಸಿದ್ಧಪಡಿಸುವ ‘ನಲ್ ಜಲ್ ಮಿತ್ರ’ ಕಾರ್ಯಕ್ರಮವೂ ಜಲ ಜೀವನ್ ಮಿಷನ್ ಅಡಿಯಲ್ಲಿ ಬಂದಿದೆ. ಇವುಗಳಿಗೆ ಯುವಕರನ್ನೂ ಯುವತಿಯರನ್ನೂ ಗುರುತಿಸಿ ಕಳುಹಿಸುವುದು ಸದಸ್ಯರಿಂದ ಆಗಬಹುದಾದ ಕೆಲಸ.

ಐದು, ಸೋರಿಕೆಯ ವಹಿ. ಬೀದಿಯ ಸೋರಿಕೆಯ ದೂರು ಬಂದ ದಿನ ಮತ್ತು ದುರಸ್ತಿಯಾದ ದಿನ ಎರಡನ್ನೂ ನೀರುಗಂಟಿ ಬರೆದಿಡಬೇಕು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಪ್ರತಿ ಸಭೆಯಲ್ಲಿ ಅದನ್ನು ಓದಬೇಕು. ತನ್ನ ಪೈಪನ್ನು ವಾರಗಟ್ಟಲೆ ಸೋರಲು ಬಿಡುವ ಪಂಚಾಯಿತಿ ಮನೆಯವರಿಗೆ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ.

ಈ ಸೀಮೆಯಲ್ಲಿ ನೀರುಗಂಟಿ ಎಂಬ ಹೆಸರೇ ಹಳೆಯ ಒಂದು ವ್ಯವಸ್ಥೆಯ ಸಾಕ್ಷಿ. ಕೆರೆಯ ತೂಬನ್ನು ಎತ್ತಿ ಇಳಿಸಿ, ಕಾಲುವೆಯ ಹೂಳು ತೆಗೆಸಿ, ಕೊನೆಯ ಗದ್ದೆಯವರೆಗೂ ನೀರು ಮುಟ್ಟುವಂತೆ ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಆದರೆ ತೂಬಿನ ಈಚೆಗೆ ತಮ್ಮ ಗದ್ದೆಯ ಬದುವನ್ನು ಕಟ್ಟಿಕೊಳ್ಳುವುದು ರೈತರದೇ ಕೆಲಸವಾಗಿತ್ತು. ಹೆಚ್ಚಾಗಿ ದಲಿತ ಕುಟುಂಬಗಳಿಗೆ ಸೇರಿದ ನೀರುಗಂಟಿಗಳ ದುಡಿಮೆಗೆ ಊರು ಸಲ್ಲಿಸಬೇಕಾದಷ್ಟು ಗೌರವವನ್ನು ಸಲ್ಲಿಸಲಿಲ್ಲ. ಇಂದಿನ ನೀರುಗಂಟಿಗೆ ವೇತನ ಸಕಾಲದಲ್ಲಿ ಸಿಗುವಂತೆಯೂ, ಕೈಗವಸು, ಉಪಕರಣಗಳು ದೊರೆಯುವಂತೆಯೂ ನೋಡಿಕೊಳ್ಳುವುದರಿಂದ ಆ ಬಾಕಿಯ ಸ್ವಲ್ಪ ಭಾಗವಾದರೂ ತೀರೀತು.

ಕೊನೆಯದಾಗಿ, ಸ್ವಂತ ದುರಸ್ತಿ ಎಂಬುದು ಯಾರನ್ನೂ ಅವರ ಪಾಡಿಗೆ ಬಿಟ್ಟುಬಿಡುವ ನೆಪವಾಗಬಾರದು. ಒಂಟಿಯಾಗಿರುವ ವೃದ್ಧರು ಮತ್ತು ಅಂಗವಿಕಲರು ಏಣಿ ಹತ್ತಿ ಫ್ಲೋಟ್ ವಾಲ್ವ್ ಬದಲಿಸಲಾರರು. ದುರಸ್ತಿ ದಿನದ ಪಟ್ಟಿಯಲ್ಲಿ ಅಂತಹ ಮನೆಗಳ ಹೆಸರು ಮೊದಲು ಬರಬೇಕು, ಅವರ ಖರ್ಚನ್ನು ಭರಿಸುವ ಬಗೆಯನ್ನು ಗ್ರಾಮಸಭೆಯೇ ತೀರ್ಮಾನಿಸಬೇಕು. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಹತ್ತು ಮನೆಗಳಿಗೆ ಹೋಗಿ, ತೊಟ್ಟಿಕ್ಕುವ ನಲ್ಲಿಗಳೆಷ್ಟು, ಅವುಗಳಲ್ಲಿ ಮನೆಯವರೇ ಸರಿಪಡಿಸಬಹುದಾದುವೆಷ್ಟು, ಪ್ಲಂಬರ್ ಬೇಕಾದುವೆಷ್ಟು, ಪಂಚಾಯಿತಿಗೆ ಸೇರಿದುವೆಷ್ಟು ಎಂದು ಎಣಿಸಿ ಬರೆದು ತರುವುದು ಉಚಿತ. ಆ ಪಟ್ಟಿ ಮುಂದಿದ್ದರೆ ಉಪಕರಣ ಪೆಟ್ಟಿಗೆಗೆ ಎಷ್ಟು ಹಣ ಬೇಕು, ದುರಸ್ತಿ ದಿನ ಯಾವಾಗ ಇಡಬೇಕು ಎಂಬ ತೀರ್ಮಾನಗಳನ್ನು ಅದೇ ಸಭೆಯಲ್ಲಿ ಕೈಗೊಳ್ಳಬಹುದು.